ಗಾಳಿಕೋವಿಯ ಚರಿತ್ರೆಯೂ ಅದರ ಆಯ್ಕೆಯೂ

ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿಯೋ ನಮ್ಮ ಊರುಗಳ ಜಾತ್ರೆಗಳಲ್ಲಿಯೋ ಸುತ್ತಾಡಿದವರಿಗೆಲ್ಲ ಒಂದು ಅಂಗಡಿಯ ಪರಿಚಯವಿದ್ದೇ ಇರುತ್ತದೆ. ಹಲಗೆಯೊಂದಕ್ಕೆ ಸಾಲಾಗಿ ಬಣ್ಣಬಣ್ಣದ ಬಲೂನುಗಳನ್ನು ಕಟ್ಟಿರುತ್ತಾರೆ. ಎದುರಿಗೆ ಮೇಜಿನ ಮೇಲೆ ಎರಡು ಮೂರು ಕೋವಿಗಳು. ಹಣ ಕೊಟ್ಟವನು ನಳಿಗೆಯನ್ನು ನಡುವಿನಲ್ಲಿ ಬಾಗಿಸಿ, ಕಡಲೆಕಾಳಿಗಿಂತ ಸಣ್ಣದಾದ ಸೀಸದ ಗುಂಡೊಂದನ್ನು ಅದರೊಳಗಿಟ್ಟು, ಕೋವಿಯನ್ನು ಹೆಗಲಿಗೇರಿಸಿ ಕುದುರೆಯನ್ನೆಳೆಯುತ್ತಾನೆ. ಹೊಗೆಯಿಲ್ಲ, ಮದ್ದಿನ ವಾಸನೆಯಿಲ್ಲ. ‘ಠಪ್’ ಎಂಬ ಸಣ್ಣ ಸದ್ದೊಂದೇ. ಗುರಿ ತಪ್ಪಿದರೆ ಹಿಂದೆ ನಿಂತವರು ನಗುತ್ತಾರೆ, ತಪ್ಪಿದವನು ಕೋವಿಯನ್ನು ದೂರುತ್ತಾನೆ. ಬಾಲ್ಯದಲ್ಲಿ ನಾನೂ ಹಾಗೆ ದೂರಿದವನೇ.

ಕೆಲವು ತಿಂಗಳ ಹಿಂದೆ, ಮಲೆನಾಡಿನ ಕಡೆಯಿಂದ ಬಂದು ನಮ್ಮ ಕಾಲೇಜಿನಲ್ಲಿ ಓದುತ್ತಿರುವ ತರುಣನೊಬ್ಬನು ಪಾಠ ಮುಗಿದ ಮೇಲೆ ನನ್ನ ಬಳಿ ಬಂದು, “ಸಾರ್, ಮೊಲ, ಕಾಡುಕೋಳಿ ಹೊಡೆಯುವುದಕ್ಕೆ ಹಗುರವಾದ ಏರ್ ಗನ್ ಯಾವುದು ಒಳ್ಳೆಯದು?” ಎಂದು ಕೇಳಿದನು. ಚರಿತ್ರೆಯ ಅಧ್ಯಾಪಕನಿಗೆ ಹಾಕತಕ್ಕ ಪ್ರಶ್ನೆ ಅದಲ್ಲವೆಂದು ನಿಮಗೆ ತೋರಬಹುದು. ಆದರೆ ಆ ಪ್ರಶ್ನೆಗೆ ಎರಡು ಉತ್ತರಗಳುಂಟು. ಒಂದು ಚಿಕ್ಕದು, ಅದನ್ನು ಅಲ್ಲಿಯೇ ಹೇಳಿದೆನು. ಮತ್ತೊಂದು ದೀರ್ಘವಾದುದು, ಅದು ಚರಿತ್ರೆಗೆ ಸೇರಿದುದು. ಅದನ್ನು ಈಗ ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಗಾಳಿಯಿಂದ ಬೇಟೆಯಾಡುವ ಉಪಾಯವು ಬಹು ಹಳೆಯದು. ಬೋರ್ನಿಯೋ ದ್ವೀಪದ ದಯಾಕ್ ಜನರು ಉದ್ದವಾದ ಕೊಳವೆಯೊಳಗೆ ವಿಷ ಸವರಿದ ಸಣ್ಣ ಬಾಣವನ್ನಿಟ್ಟು ಬಾಯಿಂದ ಊದಿ ಹಕ್ಕಿ, ಕೋತಿಗಳನ್ನು ಕೆಡಹುತ್ತಿದ್ದರು. ಅಲ್ಲಿ ಬೇಟೆಗಾರನ ಎದೆಯೇ ಕೋವಿಯ ಶಕ್ತಿ. ಉಸಿರಿನ ಬದಲು ಯಂತ್ರವನ್ನು ದುಡಿಸಬಹುದೆಂಬ ಯೋಚನೆ ಯೂರೋಪಿನಲ್ಲಿ ಹದಿನಾರನೆಯ ಶತಮಾನದ ಹೊತ್ತಿಗೆ ಕಾರ್ಯರೂಪಕ್ಕೆ ಬಂದಿತು. ಸುಮಾರು 1580ರಲ್ಲಿ ನಿರ್ಮಿತವಾದುದೆಂದು ಹೇಳಲಾಗುವ, ಕಮ್ಮಾರನ ತಿದಿಯಂತಹ ತಿದಿಯನ್ನು ಒಡಲಲ್ಲಿಟ್ಟುಕೊಂಡ ಕೋವಿಯೊಂದು ಸ್ಟಾಕ್‌ಹೋಮ್ ನಗರದ ರಾಜಾಯುಧಶಾಲೆಯಲ್ಲಿದೆ. ಮುಂದೆ 1650ರ ಸುಮಾರಿಗೆ ಮಾಗ್ಡೆಬರ್ಗಿನ ಆಟೋ ಫಾನ್ ಗೆರಿಕೆಯು ವಾಯುರೇಚಕ ಯಂತ್ರವನ್ನು ರಚಿಸಿದನು. 1662ರಲ್ಲಿ ರಾಬರ್ಟ್ ಬಾಯ್ಲನು ಗಾಳಿಯನ್ನು ಒತ್ತಿದಷ್ಟೂ ಅದರ ಗಾತ್ರ ಕುಗ್ಗುವ ನಿಯಮವನ್ನು ಪ್ರಕಟಿಸಿದನು. ವಿದ್ವಾಂಸರ ಕೊಠಡಿಯಲ್ಲಿ ಹುಟ್ಟಿದ ಈ ಜ್ಞಾನವು ಬಂದೂಕು ಮಾಡುವ ಕುಶಲಕರ್ಮಿಗಳ ಕೈಗೆ ಬೇಗನೆ ಸೇರಿತು. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ಅರಸುಮನೆತನಗಳ ಬೇಟೆಯಲ್ಲಿ ಗಾಳಿಕೋವಿಯಿಂದ ಜಿಂಕೆಗಳನ್ನು ಹೊಡೆದುದುಂಟು. ಮದ್ದಿನ ಹೊಗೆ ಕಣ್ಣಿಗೆ ಕವಿಯದು, ಮಳೆಗೆ ಮದ್ದು ನೆನೆಯುವ ಭಯವಿಲ್ಲ, ಸದ್ದಿಗೆ ಮೃಗಗಳ ಹಿಂಡು ಬೆದರಿ ಓಡದು. ಈ ಮೂರು ಗುಣಗಳಿಗಾಗಿ ಅವರು ಬಹಳ ಹಣ ತೆತ್ತರು.

ಈ ಶಿಲ್ಪದ ಶಿಖರವೆನ್ನಬಹುದಾದ ಕೋವಿಯನ್ನು ಟಿರೋಲ್ ಪ್ರಾಂತದ ಗಿರಾರ್ಡೋನಿ ಎಂಬಾತನು ರಚಿಸಿದನು. 1780ರ ಸುಮಾರಿಗೆ ಆಸ್ಟ್ರಿಯಾ ದೇಶದ ಸೈನ್ಯವು ಅದನ್ನು ಅಂಗೀಕರಿಸಿತು. ಹೆಗಲಿಗೆ ಒರಗುವ ಹಿಂಬದಿಯ ಭಾಗವೇ ಗಾಳಿ ತುಂಬುವ ಲೋಹದ ಪಾತ್ರೆ. ನಳಿಗೆಯ ಪಕ್ಕದ ಕೊಳವೆಯಲ್ಲಿ ಸುಮಾರು 20 ಗುಂಡುಗಳು. ಅಂದಿನ ಸಾಮಾನ್ಯ ಸಿಪಾಯಿಯು ಒಂದು ಗುಂಡು ಹಾರಿಸಿ ಮತ್ತೆ ಮದ್ದು ತುಂಬುವಷ್ಟರಲ್ಲಿ, ಇದನ್ನು ಹಿಡಿದವನು ಹತ್ತಕ್ಕೂ ಮೀರಿ ಹಾರಿಸಬಲ್ಲವನಾಗಿದ್ದನು. ಆದರೆ ಈ ವರಕ್ಕೆ ತಕ್ಕ ಬೆಲೆಯೂ ಇದ್ದಿತು. ಕೋವಿಯ ತೂಕ ಸುಮಾರು 10 ಪೌಂಡು. ಗಾಳಿಯ ಪಾತ್ರೆಯನ್ನು ಪೂರ್ತಿ ತುಂಬಲು ಕೈಪಂಪನ್ನು ಸುಮಾರು 1500 ಬಾರಿ ಒತ್ತಬೇಕು. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಗಾಳಿ ಸೋರಿಹೋಗುವುದು. ಇಂತಹ ನಾಜೂಕಿನ ಯಂತ್ರವು ರಣರಂಗದ ಕೆಸರಿಗೂ ಒರಟು ಕೈಗಳಿಗೂ ಒಗ್ಗಲಿಲ್ಲ. 1815ರ ಹೊತ್ತಿಗೆ ಅದು ಸೈನ್ಯದಿಂದ ಮರೆಯಾಯಿತು.

ಇದೇ ಜಾತಿಯದೆಂದು ಇಂದು ಬಹುಮಂದಿ ಸಂಶೋಧಕರು ಒಪ್ಪುವ ಒಂದು ಕೋವಿ ಅಮೆರಿಕದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅಧ್ಯಕ್ಷ ಜೆಫರ್‌ಸನ್ನನ ಅಪ್ಪಣೆಯಂತೆ ಪಶ್ಚಿಮ ಸಮುದ್ರದವರೆಗೆ ದಾರಿ ಹುಡುಕಲು ಹೊರಟ ಮೆರಿವೆದರ್ ಲೂಯಿಸನು ಒಂದು ಗಾಳಿಕೋವಿಯನ್ನು ಜೊತೆಗೊಯ್ದನು. ದಾರಿಯಲ್ಲಿ ಎದುರಾದ ಮೂಲನಿವಾಸಿಗಳ ಮುಂದೆ ಅದನ್ನು ಹಾರಿಸಿ ತೋರಿಸುವುದು ಅವನ ಪದ್ಧತಿ. ಹೊಗೆಯಿಲ್ಲದೆ ಮೇಲಿಂದ ಮೇಲೆ ಹಾರುವ ಗುಂಡುಗಳನ್ನು ಕಂಡು ಅವರು ಬೆರಗಾದರೆಂದು ದಿನಚರಿಗಳು ಹೇಳುತ್ತವೆ. ಆದರೆ ಆ ಯಾತ್ರೆಯ ಆರಂಭದಲ್ಲಿಯೇ, 1803ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಪಿಟ್ಸ್‌ಬರ್ಗಿನ ಬಳಿಯ ದ್ವೀಪವೊಂದರಲ್ಲಿ ನಡೆದ ಸಂಗತಿಯನ್ನು ಮರೆಯಬಾರದು. ಕೋವಿಯನ್ನು ನೋಡಲು ಕೈಗೆತ್ತಿಕೊಂಡವನೊಬ್ಬನು ಅದರ ಮರ್ಮವನ್ನರಿಯದೆ ಹಾರಿಸಿಬಿಟ್ಟನು. ಸುಮಾರು 40 ಗಜ ದೂರದಲ್ಲಿ ನಿಂತಿದ್ದ ಹೆಂಗಸಿನ ಟೋಪಿಯನ್ನು ತೂರಿ ಗುಂಡು ಅವಳ ಕೆನ್ನೆತ್ತಿಯನ್ನು ಸವರಿಹೋಯಿತು. ರಕ್ತ ಸುರಿದು ಅವಳು ನೆಲಕ್ಕೊರಗಿದಳು. ಸತ್ತಳೆಂದೇ ಎಲ್ಲರೂ ತಿಳಿದರು. ಪುಣ್ಯವಶಾತ್ ಗಾಯವು ಮೇಲುಗಾಯವಾಗಿದ್ದಿತು. ಸದ್ದಿಲ್ಲದ ಕೋವಿಯನ್ನು ಜನರು ಆಟದ ವಸ್ತುವೆಂದು ಬಗೆದುದಕ್ಕೆ ಚರಿತ್ರೆಯಲ್ಲಿ ಸಿಗುವ ಹಳೆಯ ಎಚ್ಚರಿಕೆಗಳಲ್ಲಿ ಇದೂ ಒಂದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಳಿಕೋವಿಯು ಅರಮನೆಯಿಂದ ಬೀದಿಗೆ ಇಳಿಯಿತು. ಅಮೆರಿಕದ ಮಿಶಿಗನ್ ಸಂಸ್ಥಾನದ ಪ್ಲಿಮತ್ ಎಂಬ ಊರಿನಲ್ಲಿ ಕಬ್ಬಿಣದ ಗಾಳಿಗಿರಣಿಗಳನ್ನು ಮಾರುವ ಕಂಪೆನಿಯೊಂದಿತ್ತು. ವ್ಯಾಪಾರ ಕುಂದಿದ್ದುದರಿಂದ, ಗಿರಣಿಯನ್ನು ಕೊಂಡ ರೈತನಿಗೆ ಸಣ್ಣದೊಂದು ಲೋಹದ ಗಾಳಿಕೋವಿಯನ್ನು ಉಡುಗೊರೆಯಾಗಿ ಕೊಡಲಾರಂಭಿಸಿದರು. 1888ರ ಸುಮಾರಿನಲ್ಲಿ ಆದ ಈ ಯುಕ್ತಿಯ ಫಲವೇನೆಂದರೆ, ರೈತರಿಗೆ ಗಿರಣಿ ಬೇಡವಾಯಿತು, ಕೋವಿಯೇ ಬೇಕಾಯಿತು. 1895ರಲ್ಲಿ ಕಂಪೆನಿಯು ಆ ಕೋವಿಯ ಹೆಸರನ್ನೇ ತಾನು ಧರಿಸಿ ‘ಡೈಸಿ’ ಆಯಿತು. ಜರ್ಮನಿಯ ರಾಸ್ಟಾಟ್ ಪಟ್ಟಣದಲ್ಲಿ 1890ರಲ್ಲಿ ಸ್ಥಾಪಿತವಾದ ಕಾರ್ಖಾನೆಯು ‘ಡಯಾನಾ’ ಎಂಬ ಹೆಸರಿನಿಂದ ಕೋವಿಗಳನ್ನು ಮಾರಿತು. ಬೇಟೆಯ ದೇವತೆಯಾದ ಡಯಾನಾ ತನ್ನ ಬಿಲ್ಲನ್ನು ಎಸೆದು ಗಾಳಿಕೋವಿಯನ್ನು ಎತ್ತಿಹಿಡಿದಿರುವುದೇ ಅದರ ಮುದ್ರೆ. ಇನ್ನು ಇಂಗ್ಲೆಂಡಿನಲ್ಲಿ, 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧವು ಮುಗಿದು ಬಂದೂಕುಗಳ ಬೇಡಿಕೆ ತಗ್ಗಿದಾಗ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆಯು ಲಿಂಕನ್ ಜೆಫ್ರೀಸ್ ಎಂಬಾತನು 1904ರಲ್ಲಿ ಹಕ್ಕು ಪಡೆದ ಗಾಳಿಕೋವಿಯನ್ನು ತಯಾರಿಸತೊಡಗಿತು. ನಳಿಗೆ ಸ್ಥಿರವಾಗಿದ್ದು, ಅದರ ಕೆಳಗಿನ ಸನ್ನೆಕೋಲಿನಿಂದ ಸ್ಪ್ರಿಂಗನ್ನು ಬಿಗಿಯುವುದು ಅದರ ವಿಶೇಷ. ಇದರಲ್ಲಿಯೂ ಸಾಧಾರಣ ಮಾದರಿಯಲ್ಲದೆ ಹಗುರವಾದ ಮಾದರಿಯೊಂದನ್ನು ಬೇರೆಯಾಗಿ ಮಾಡಿದರು. ‘ಹಗುರವಾದುದು ಯಾವುದು?’ ಎಂಬ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಹೀಗೆ ನೂರು ವರ್ಷಗಳಿಗೂ ಮಿಕ್ಕ ವಯಸ್ಸಾಯಿತು.

ಈಗ ಆಯ್ಕೆಯ ಮಾತನ್ನು ನೋಡೋಣ. ಈ ಕೋವಿಗಳೊಳಗೆ ಗಾಳಿಯನ್ನು ಮೊದಲೇ ತುಂಬಿಡುವುದಿಲ್ಲ. ಬಲವಾದ ಸ್ಪ್ರಿಂಗೊಂದು ಬಿಗಿದು ಕುಳಿತಿರುತ್ತದೆ. ಕುದುರೆಯನ್ನೆಳೆದಾಗ ಅದು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಎದುರಿನ ಗಾಳಿ ಕ್ಷಣಮಾತ್ರದಲ್ಲಿ ಒತ್ತಲ್ಪಟ್ಟು ಗುಂಡನ್ನು ತಳ್ಳುತ್ತದೆ. ಪಿಸ್ಟನ್ನು ಮುಂದಕ್ಕೆ ಹಾರುವಾಗ ಕೋವಿ ಹಿಂದಕ್ಕೂ, ಪಿಸ್ಟನ್ನು ತಡೆದು ನಿಂತಾಗ ಕೋವಿ ಮುಂದಕ್ಕೂ ಅಲುಗುತ್ತದೆ. ಗುಂಡು ನಳಿಗೆಯನ್ನು ಬಿಡುವುದಕ್ಕೆ ಮುಂಚೆಯೇ ಈ ಅಲುಗಾಟ ಮೊದಲಾಗಿರುತ್ತದೆ. ಕೋವಿ ಭಾರವಾಗಿದ್ದರೆ ಅಲುಗಾಟವನ್ನು ನುಂಗಿಕೊಳ್ಳುತ್ತದೆ. ಹಗುರವಾಗಿದ್ದರೆ ಅದೆಲ್ಲವೂ ಗುರಿಗೆ ತಗಲುತ್ತದೆ. ಹಗುರವಾದ ಕೋವಿಗೆ ಬಲವಾದ ಸ್ಪ್ರಿಂಗನ್ನು ಹಾಕಿದರೆ ಹೆಗಲಿಗೆ ಸುಖ, ಗುರಿಗೆ ಕೇಡು. ಬಲವನ್ನು ತಗ್ಗಿಸಿದರೆ ಗುರಿ ಸಿಗುತ್ತದೆ, ಆದರೆ ಗುಂಡಿನ ಪೆಟ್ಟು ಕ್ಷೀಣಿಸುತ್ತದೆ. ತೂಕ, ಬಲ, ಗುರಿ ಈ ಮೂರನ್ನೂ ಒಟ್ಟಿಗೆ ಪಡೆಯಲು ಗಿರಾರ್ಡೋನಿಗೂ ಆಗಲಿಲ್ಲ, ಜೆಫ್ರೀಸನಿಗೂ ಆಗಲಿಲ್ಲ.

ಗುಂಡಿನ ಅಳತೆಯಲ್ಲಿಯೂ ಇದೇ ತೂಗಾಟವುಂಟು. 0.177 ಅಂಗುಲದ ಗುಂಡಿನ ತೂಕ ಅರ್ಧ ಗ್ರಾಮಿನಷ್ಟು. ಅದು ವೇಗವಾಗಿ, ಹೆಚ್ಚು ನೇರವಾಗಿ ಹೋಗುತ್ತದೆ. 0.22 ಅಂಗುಲದ ಗುಂಡು ಒಂದು ಗ್ರಾಮಿನ ಸಮೀಪ. ಅದು ನಿಧಾನವಾಗಿ, ಬಾಗಿ ಹೋದರೂ ಅಗಲವಾಗಿ ತಾಗುತ್ತದೆ. ಬ್ರಿಟನ್ನಿನಲ್ಲಿ 1969ರ ನಿಯಮಗಳು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಗಾಳಿ ರೈಫಲ್ಲಿನ ಬಲಕ್ಕೆ 12 ಅಡಿ-ಪೌಂಡಿನ ಮಿತಿಯನ್ನಿಟ್ಟವು. ತೋಟಾ ಹಾಕಿ ಹೊಡೆಯುವ ಸಾಧಾರಣ 0.22 ರೈಫಲ್ಲಿನ ಬಲದಲ್ಲಿ ಇದು ಹತ್ತರಲ್ಲೊಂದು ಪಾಲಿನಷ್ಟೂ ಆಗಲಿಕ್ಕಿಲ್ಲ. ಇಷ್ಟು ಅಲ್ಪಬಲದಿಂದ ಮೊಲವೊಂದು ನೋವಿಲ್ಲದೆ ಸಾಯಬೇಕಾದರೆ ಗುಂಡು ಅದರ ತಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೇ ತಾಗಬೇಕು. ಅಲ್ಲಿಯ ಅನುಭವಸ್ಥ ಬೇಟೆಗಾರರು 30 ಗಜಗಳಾಚೆ ಹೊಡೆಯಲು ಹಿಂಜರಿಯುವುದೂ, ಕಾಗದದ ಮೇಲೆ ಅಷ್ಟು ಜಾಗದೊಳಗೆ ಪ್ರತಿ ಗುಂಡನ್ನೂ ಸೇರಿಸಬಲ್ಲ ದೂರವೇ ತನ್ನ ಬೇಟೆಯ ದೂರವೆಂದು ಹೊಸಬನಿಗೆ ಹೇಳಿಕೊಡುವುದೂ ಇದರಿಂದಲೇ. ಗುರಿ ಬೆರಳಷ್ಟು ತಪ್ಪಿದರೆ ಪ್ರಾಣಿ ಸಾಯುವುದಿಲ್ಲ. ಗಾಯಗೊಂಡು ಪೊದೆ ಸೇರಿ ಎಷ್ಟೋ ಹೊತ್ತು ನರಳುತ್ತದೆ. ದೊಡ್ಡ ಕೋವಿಯ ತಪ್ಪನ್ನು ಅದರ ಬಲವೇ ಎಷ್ಟೋ ಮಟ್ಟಿಗೆ ಮುಚ್ಚುತ್ತದೆ. ಸಣ್ಣ ಕೋವಿಯ ತಪ್ಪನ್ನು ಮುಚ್ಚುವುದಕ್ಕೆ ಏನೂ ಇಲ್ಲ. ಕೋವಿಯ ತೂಕದಲ್ಲಿ ಕಳೆದ ಭಾರವು ಹಿಡಿದವನ ಕೈಯ ಮೇಲೂ ಮನಸ್ಸಿನ ಮೇಲೂ ಬಂದು ಕುಳಿತುಕೊಳ್ಳುತ್ತದೆ. ಈ ಚರಿತ್ರೆಯಿಂದ ನಾನು ಕಲಿತ ಪಾಠ ಇದೊಂದೇ.

ನಮ್ಮ ದೇಶದ ಚರಿತ್ರೆಯಲ್ಲಿ ಗಾಳಿಕೋವಿಗೆ ಒಂದು ವಿಚಿತ್ರವಾದ ಸ್ಥಾನವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿಯ ಬಾಲಕನೊಬ್ಬನಿಗೆ ಅವನ ಸೋದರಮಾವನು ಗಾಳಿಕೋವಿಯೊಂದನ್ನು ಕೊಟ್ಟಿದ್ದನು. ಗುಬ್ಬಚ್ಚಿಯ ಗೂಡಿನೆದುರು ಹೊಂಚಿ ಕುಳಿತು ಏಳು ದಿನಗಳಲ್ಲಿ ಎಂಟು ಗಂಡುಗಳನ್ನು ಅವನು ಹೊಡೆದನಂತೆ; ಒಂದು ಸತ್ತರೆ ಹೆಣ್ಣು ಇನ್ನೊಂದು ಗಂಡನ್ನು ಕರೆತರುತ್ತಿತ್ತೆಂದು ಬರೆದಿಟ್ಟುಕೊಂಡನು. ಒಂದು ದಿನ ಅವನು ಕೆಡಹಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಗುರುತಿತ್ತು. ಅದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯದೆ, ಬಾಲಕನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದನು. ಅಲ್ಲಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಆ ಚಿಕ್ಕ ಹುಡುಗನನ್ನು ಆದರದಿಂದ ಕಂಡು, ಹಕ್ಕಿಯ ಹೆಸರನ್ನು ಹೇಳಿ, ಸಂಗ್ರಹದ ಪೆಟ್ಟಿಗೆಗಳನ್ನು ತೆರೆದು ತೋರಿಸಿದರು. ಆ ಹುಡುಗನೇ ಮುಂದೆ ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರು. 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಅವರು ಆ ಗುಬ್ಬಿಯ ಪತನವನ್ನೇ ಹೆಸರಾಗಿಟ್ಟರು. ನಮ್ಮ ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷಿಸಿ, 1942-43ರಲ್ಲಿ ಆ ಸಂಸ್ಥೆಯ ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಪ್ರಕಟಿಸಿದವರೂ ಅವರೇ. ಕೋವಿಯನ್ನು ಕೊಟ್ಟವರು ಅನೇಕರಿದ್ದಾರು. ಕೆಳಗೆ ಬಿದ್ದ ಹಕ್ಕಿಯ ಹೆಸರು ಕೇಳಿಕೊಂಡು ಬಾ ಎಂದು ಕಳುಹಿಸಿದವರು ವಿರಳ.

ಆ ದಿನಗಳು ಈಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ಇವೆರಡರಿಂದ ನಮ್ಮ ದೇಶದಲ್ಲಿ ವಿನೋದಕ್ಕಾಗಿ ಬೇಟೆಯಾಡುವ ಕಾಲ ಮುಗಿಯಿತು. ಮೊಲವೂ ಕಾಡುಕೋಳಿಯೂ ಆ ರಕ್ಷಣೆಯೊಳಗೇ ಬರುತ್ತವೆ. ನನ್ನ ವಿದ್ಯಾರ್ಥಿಗೆ ಕೊಟ್ಟ ಚಿಕ್ಕ ಉತ್ತರವು ಇದೇ. 2016ರ ಆಯುಧ ನಿಯಮಗಳಂತೆ 0.177 ಅಂಗುಲವನ್ನೂ 20 ಜೂಲ್ ಬಲವನ್ನೂ ಮೀರದ ಗಾಳಿಕೋವಿಗೆ ಪರವಾನಗಿ ಬೇಕಿಲ್ಲವೆಂಬುದು ನಿಜ. ಆದರೆ ಕೋವಿಗೆ ಪರವಾನಗಿ ಬೇಡವೆಂದರೆ ಪ್ರಾಣಿಯನ್ನು ಕೊಲ್ಲಲು ಪರವಾನಗಿ ದೊರೆತಂತಾಗಲಿಲ್ಲ. ಈ ಎರಡನ್ನೂ ಒಂದೆಂದು ತಿಳಿಯುವುದರಿಂದಲೇ ಎಷ್ಟೋ ಕಾಡುಗಳು ಮೌನವಾಗಿವೆ. ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳ ದನಿ ಕುಗ್ಗಿದುದನ್ನು ಕಂಡು, 2021ರ ಮಾರ್ಚಿಯಲ್ಲಿ ಗಾಳಿಕೋವಿಗಳನ್ನು ಸ್ವಇಚ್ಛೆಯಿಂದ ಒಪ್ಪಿಸುವ ಆಂದೋಲನವನ್ನು ಪ್ರಾರಂಭಿಸಿದರು. ತಲೆತಲಾಂತರದಿಂದ ಬೇಟೆಯೇ ಬಾಳಿನ ಭಾಗವಾಗಿದ್ದ ಹಳ್ಳಿಗರು ಎರಡು ಸಾವಿರಕ್ಕೂ ಮಿಕ್ಕು ಕೋವಿಗಳನ್ನು ತಾವಾಗಿಯೇ ತಂದೊಪ್ಪಿಸಿದರು.

ಹಾಗಾದರೆ ಹಗುರವಾದ ಗಾಳಿಕೋವಿಯನ್ನು ಆರಿಸಿಕೊಳ್ಳಲೇಬಾರದೇ? ಆರಿಸಿಕೊಳ್ಳಬಹುದು. ಕಾಗದದ ಗುರಿಗೆ ಹೊಡೆದು ಕೈಯನ್ನೂ ಉಸಿರನ್ನೂ ಹತೋಟಿಗೆ ತರುವುದು ಒಳ್ಳೆಯ ವಿದ್ಯೆ. ಒಲಿಂಪಿಕ್ ಕ್ರೀಡೆಗಳಲ್ಲಿ 2008ರಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನದ ಪದಕವನ್ನು ಅಭಿನವ ಬಿಂದ್ರಾ ಅವರು ತಂದುದು 10 ಮೀಟರ್ ದೂರದ ಗಾಳಿ ರೈಫಲ್ಲಿನಿಂದಲೇ ಅಲ್ಲವೇ? ಆರಿಸುವವನು ಅಂಗಡಿಯಲ್ಲಿ ತೂಕವನ್ನೊಂದೇ ಕೇಳದೆ, ಹೆಗಲಿಗೆ ಅದು ಹೊಂದುವುದೇ, ಐದು ಗುಂಡುಗಳೂ ಒಂದೇ ಕಡೆ ಬೀಳುವುವೇ ಎಂಬುದನ್ನು ನೋಡಲಿ. ಮನೆಯಲ್ಲಿ ಮಕ್ಕಳಿದ್ದರೆ ಪಿಟ್ಸ್‌ಬರ್ಗಿನ ಆ ಹೆಂಗಸನ್ನು ನೆನೆದು ಅದನ್ನು ಬೀಗದೊಳಗಿಡಲಿ.

ಇದನ್ನೆಲ್ಲ ಕೇಳಿದ ಮೇಲೆ ನನ್ನ ವಿದ್ಯಾರ್ಥಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ತಾತನ ಕಾಲದ ಒಂದು ಕೋವಿ ಮನೆಯಲ್ಲಿಯೇ ಇದೆ ಸಾರ್, ಬಹಳ ಭಾರ” ಎಂದನು. ಅದರಿಂದ ಎಷ್ಟು ಹಕ್ಕಿ ಹೊಡೆದಿದ್ದೀಯೆ ಎಂದು ನಾನು ಕೇಳಲಿಲ್ಲ. ಅವುಗಳ ಹೆಸರು ನಿನಗೆ ಗೊತ್ತೇ ಎಂದಷ್ಟೇ ಕೇಳಿದೆನು. ಮುಂದಿನ ವಾರ ಅವನು ಗ್ರಂಥಾಲಯದಿಂದ ಸಾಲಿಂ ಅಲಿಯವರ ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದನ್ನು ಕಂಡೆನು. ಅದನ್ನು ಅವನು ಇನ್ನೂ ಹಿಂದಿರುಗಿಸಿಲ್ಲ, ನಾನೂ ಅವಸರಪಡಿಸಿಲ್ಲ.