ಪಶ್ಚಿಮ ಬೆಂಗಳೂರಿನ ಚಳಿಗಾಲದ ಪ್ರಕೃತಿ ವೀಕ್ಷಣೆ

ನಾಯಂಡಹಳ್ಳಿ, ಜ್ಞಾನಭಾರತಿ, ಮಲ್ಲತ್ತಹಳ್ಳಿ, ಕೆಂಗೇರಿ ಹಾಗೂ ತುರಹಳ್ಳಿ ಪರಿಸರಗಳಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ನಡೆಯುವ ಪಕ್ಷಿವೀಕ್ಷಣೆ, ನೀರುಹಕ್ಕಿಗಳ ಗಣತಿ, ಸಸ್ಯ ಪರಿಚಯ ಮತ್ತು ಪ್ರಕೃತಿ ನಡಿಗೆಗಳನ್ನು ಒಟ್ಟಾಗಿ ಪಶ್ಚಿಮ ಬೆಂಗಳೂರಿನ ಚಳಿಗಾಲದ ಪ್ರಕೃತಿ ವೀಕ್ಷಣೆ ಎನ್ನಬಹುದು. ಶೀತ ದೇಶಗಳ ಪ್ರಕೃತಿ ಕೇಂದ್ರಗಳಲ್ಲಿ ಚಳಿಗಾಲದ ಚಟುವಟಿಕೆಗಳು ಹಿಮದ ಸುತ್ತ ರೂಪುಗೊಳ್ಳುತ್ತವೆ. ಹಿಮ ಬೀಳದ ಬೆಂಗಳೂರಿನಲ್ಲಿ ಅವು ವಲಸೆ ಹಕ್ಕಿಗಳು, ತುಂಬಿದ ಕೆರೆಗಳು ಮತ್ತು ಎಲೆ ಉದುರಿಸುವ ಮರಗಳ ಸುತ್ತ ರೂಪುಗೊಂಡಿವೆ. ಈ ಭಾಗದಲ್ಲಿ ಇಂತಹ ಚಟುವಟಿಕೆಗಳು ಒಂದೇ ಕಟ್ಟಡವನ್ನು ಅವಲಂಬಿಸಿಲ್ಲ. ವಿಶ್ವವಿದ್ಯಾಲಯದ ಆವರಣ, ಕೆರೆಯ ಏರಿ ಮತ್ತು ಕುರುಚಲು ಕಾಡುಗಳೇ ಇಲ್ಲಿನ ಪ್ರಕೃತಿ ಕೇಂದ್ರಗಳಾಗಿವೆ.

ಭೌಗೋಳಿಕ ಹಿನ್ನೆಲೆ

ನಾಯಂಡಹಳ್ಳಿಯು ಮೈಸೂರು ರಸ್ತೆ ಮತ್ತು ಹೊರವರ್ತುಲ ರಸ್ತೆಗಳು ಕೂಡುವ ಸ್ಥಳದಲ್ಲಿದೆ. ಇದು ವೃಷಭಾವತಿ ನದಿಯ ಕಣಿವೆಗೆ ಸೇರಿದ ಊರು. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುತ್ತದೆಂದು ಜನರು ನಂಬುವ ವೃಷಭಾವತಿಯು ನಗರದ ಪಶ್ಚಿಮ ಭಾಗದ ಅನೇಕ ತೊರೆಗಳನ್ನು ಕೂಡಿಕೊಂಡು ಮೈಸೂರು ರಸ್ತೆಗೆ ಸಮೀಪವಾಗಿ ಸಾಗುತ್ತದೆ. ಕೆಂಗೇರಿಯನ್ನು ದಾಟಿ ಬಿಡದಿಯ ಸಮೀಪದ ಬೈರಮಂಗಲ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದರ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ತಲುಪುತ್ತದೆ. ಬೆಂಗಳೂರು ಒಂದು ಎತ್ತರದ ದಿಬ್ಬದ ಮೇಲಿರುವುದರಿಂದ ನಗರದ ಪೂರ್ವ ಭಾಗದ ನೀರು ದಕ್ಷಿಣ ಪಿನಾಕಿನಿಗೂ ಪಶ್ಚಿಮ ಭಾಗದ ನೀರು ಅರ್ಕಾವತಿಗೂ ಹರಿಯುತ್ತದೆ.

ಈ ಕಣಿವೆಯ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಸೇರಿದ್ದವು. ಮೇಲಿನ ಕೆರೆಯ ಕೋಡಿ ಹರಿದರೆ ಆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಬರುತ್ತಿತ್ತು. ಬಡಾವಣೆಗಳು ಬೆಳೆದಂತೆ ಅನೇಕ ಕಾಲುವೆಗಳು ಕಿರಿದಾದವು ಅಥವಾ ಕೊಳಚೆ ನೀರಿನ ಮೋರಿಗಳಾದವು. ಉಳಿದ ಕೆರೆ, ಕುರುಚಲು ಹಾಗೂ ನೆಡುತೋಪುಗಳೇ ಇಂದು ಚಳಿಗಾಲದ ಹಕ್ಕಿಗಳಿಗೆ ಆಶ್ರಯವಾಗಿವೆ.

ಋತುವಿನ ಲಕ್ಷಣಗಳು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್ ಮತ್ತು ಜನವರಿ ಅತ್ಯಂತ ತಂಪಾದ ತಿಂಗಳುಗಳು. ಈ ಅವಧಿಯಲ್ಲಿ ರಾತ್ರಿಯ ಉಷ್ಣಾಂಶವು ಸಾಮಾನ್ಯವಾಗಿ 15ರಿಂದ 16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದು 1884ರ ಜನವರಿ 13ರಂದು ದಾಖಲಾಯಿತು. ಜನವರಿಯಲ್ಲಿ ಸೂರ್ಯೋದಯವು ಬೆಳಿಗ್ಗೆ 6:45ರ ಸುಮಾರಿಗೆ ಆಗುತ್ತದೆ. ಆದುದರಿಂದ ವೀಕ್ಷಣೆಯನ್ನು ಏಳು ಗಂಟೆಯ ಹೊತ್ತಿಗೆ ಆರಂಭಿಸುವುದು ರೂಢಿ.

ಹಿಂಗಾರು ಮಳೆಯು ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆರೆಗಳಿಗೆ ನೀರು ತರುತ್ತದೆ. ಜನವರಿಯ ಹೊತ್ತಿಗೆ ಅಂಚಿನ ನೀರು ಹಿಂದೆ ಸರಿದು ಕೆಸರು ಕಾಣಿಸಿಕೊಳ್ಳುತ್ತದೆ. ಹುಳುಹುಪ್ಪಟೆ ಹೆಕ್ಕುವ ಹಕ್ಕಿಗಳು ಅಲ್ಲಿಗೆ ಬರುತ್ತವೆ. ಜನವರಿ ಮತ್ತು ಫೆಬ್ರವರಿಯಲ್ಲಿ ಬೂರುಗ ಹಾಗೂ ಮುತ್ತುಗಗಳು ಎಲೆ ಉದುರಿಸಿ ಹೂ ಬಿಡುತ್ತವೆ. ಇವುಗಳ ಮಕರಂದಕ್ಕೆ ಸೂರಕ್ಕಿ, ಮೈನಾ ಮತ್ತು ಕಾಜಾಣಗಳು ಸೇರುತ್ತವೆ. ಎಲೆಯಿಲ್ಲದ ಕೊಂಬೆಗಳ ಮೇಲೆ ಹಕ್ಕಿಗಳು ಸ್ಪಷ್ಟವಾಗಿ ಕಾಣುವುದರಿಂದ ಹೊಸದಾಗಿ ಕಲಿಯುವವರಿಗೆ ಈ ಋತು ಅನುಕೂಲಕರ.

ಚಳಿಗಾಲದ ಅತಿಥಿಗಳು

ಹಿಮಾಲಯ, ಮಧ್ಯ ಏಷ್ಯಾ ಮತ್ತು ಅದಕ್ಕೂ ಉತ್ತರದ ಪ್ರದೇಶಗಳಲ್ಲಿ ಮರಿ ಮಾಡುವ ಅನೇಕ ಹಕ್ಕಿಗಳು ಅಲ್ಲಿ ಆಹಾರ ವಿರಳವಾದಾಗ ದಕ್ಷಿಣಕ್ಕೆ ಬರುತ್ತವೆ. ಕೆಲವು ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿಯೇ ಬೆಂಗಳೂರನ್ನು ತಲುಪಿ ಏಪ್ರಿಲ್‌ವರೆಗೆ ಉಳಿಯುತ್ತವೆ. ಈ ಭಾಗದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬರುವ ಕೆಲವು ಹಕ್ಕಿಗಳು ಹೀಗಿವೆ:

ಬೂದು ಕುಂಡೆಕುಸ್ಕ: ಹರಿಯುವ ನೀರಿನ ಅಂಚಿನಲ್ಲಿ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ಓಡಾಡುತ್ತದೆ. ಬೆನ್ನು ಬೂದು, ಹೊಟ್ಟೆಯ ಕೆಳಭಾಗ ಹಳದಿ. ವರ್ಷವಿಡೀ ಇಲ್ಲಿಯೇ ಇರುವ ಕುಂಡೆಕುಸ್ಕ ಬೇರೆ ಜಾತಿಯದು. ಅದು ಕಪ್ಪು ಬಿಳುಪು ಬಣ್ಣದ್ದಾಗಿದ್ದು ಕಣ್ಣಿನ ಮೇಲೆ ಬಿಳಿ ಹುಬ್ಬನ್ನು ಹೊಂದಿರುತ್ತದೆ.

ಗದ್ದೆಗೊರವಗಳು: ಕೆಸರಿನಲ್ಲಿ ಒಂಟಿಯಾಗಿ ಅಥವಾ ಚಿಕ್ಕ ಗುಂಪುಗಳಲ್ಲಿ ಮೇಯುವ ಕಂದು ಬಣ್ಣದ ಹಕ್ಕಿಗಳು. ಆಳವಿಲ್ಲದ ನೀರು ಇವುಗಳಿಗೆ ಅತ್ಯಗತ್ಯ.

ಕವಲುತೋಕೆ: ಬೆಳಗಿನ ಹೊತ್ತು ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕುಳಿತು, ಬಿಸಿಲೇರಿದ ಮೇಲೆ ಕೆರೆಯ ಮೇಲೆ ಹಾರುತ್ತಾ ಕೀಟಗಳನ್ನು ಹಿಡಿಯುತ್ತದೆ.

ಉಲಿಯಕ್ಕಿಗಳು: ಗುಬ್ಬಚ್ಚಿಗಿಂತ ಚಿಕ್ಕವಾದ, ಎಲೆಗಳ ನಡುವೆ ಅಡಗಿರುವ ಹಸಿರುಗಂದು ಹಕ್ಕಿಗಳು. ಇವುಗಳನ್ನು ನೋಡಿ ಗುರುತಿಸುವುದಕ್ಕಿಂತ ಕೂಗಿನಿಂದ ಗುರುತಿಸುವುದು ಸುಲಭ. ಬೀದಿಯ ಮಳೆಮರಗಳಲ್ಲಿಯೂ ಇವು ಚಳಿಗಾಲವನ್ನು ಕಳೆಯುತ್ತವೆ.

ಬೂದು ಕಾಜಾಣ: ಕೆಂಪು ಕಣ್ಣಿನ ಈ ಹಕ್ಕಿ ದಟ್ಟ ಮರಗಳಿರುವ ಆವರಣಗಳನ್ನು ಬಯಸುತ್ತದೆ. ಇಲ್ಲಿಯೇ ನೆಲೆಸಿರುವ ಕರಿ ಕಾಜಾಣವು ಬಯಲಿನ ಹಕ್ಕಿ.

ನವರಂಗ: ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ದಕ್ಷಿಣಕ್ಕೆ ಸಾಗುವಾಗ ತರಗೆಲೆ ಬಿದ್ದ ನೆರಳಿನ ನೆಲದಲ್ಲಿ ಕಾಣಿಸಿಕೊಳ್ಳುತ್ತದೆ.

ಇವುಗಳ ಜೊತೆಗೆ ಗುಲಾಬಿ ಕಬ್ಬಕ್ಕಿಗಳ ಹಿಂಡುಗಳೂ ಕೆರೆಗಳಲ್ಲಿ ಚಮಚ ಕೊಕ್ಕಿನ ಬಾತು ಮೊದಲಾದ ವಲಸೆ ಬಾತುಗಳೂ ಕಂಡುಬರುತ್ತವೆ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಬೆಳ್ಳಕ್ಕಿ ಮತ್ತು ಮಿಂಚುಳ್ಳಿಗಳನ್ನು ಎಲ್ಲ ಋತುಗಳಲ್ಲಿಯೂ ನೋಡಬಹುದು.

ಪ್ರಮುಖ ತಾಣಗಳು

ಜ್ಞಾನಭಾರತಿ ಆವರಣ: 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ ಈ ಆವರಣದ ವಿಸ್ತಾರ ಸುಮಾರು 1,100 ಎಕರೆ. ಕಟ್ಟಡಗಳಿಲ್ಲದ ಭಾಗಗಳಲ್ಲಿ ಜೈವಿಕ ಉದ್ಯಾನ, ಕುರುಚಲು ಕಾಡು, ಬಿದಿರು ಹಾಗೂ ನೆಡುತೋಪುಗಳಿವೆ. ಮಳೆನೀರನ್ನು ತಡೆಯುವ ಚಿಕ್ಕ ಒಡ್ಡುಗಳೂ ಇವೆ. ನವಿಲುಗಳು ಇಲ್ಲಿ ಸಾಮಾನ್ಯ. ಕುರುಚಲಿನ ಹಕ್ಕಿ ಮತ್ತು ಕಾಡಿನ ಹಕ್ಕಿ ಎರಡನ್ನೂ ಒಂದೇ ನಡಿಗೆಯಲ್ಲಿ ಕಾಣಬಹುದಾದುದು ಈ ಸ್ಥಳದ ವೈಶಿಷ್ಟ್ಯ. ನಮ್ಮ ಮೆಟ್ರೋದ ನೇರಳೆ ಮಾರ್ಗವು 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ವಿಸ್ತರಣೆಯಾದ ಮೇಲೆ ನಾಯಂಡಹಳ್ಳಿ ಮತ್ತು ಜ್ಞಾನಭಾರತಿ ನಿಲ್ದಾಣಗಳ ಮೂಲಕ ಈ ಪ್ರದೇಶವನ್ನು ತಲುಪುವುದು ಸುಲಭವಾಗಿದೆ.

ಕೆರೆಗಳು: ನಾಯಂಡಹಳ್ಳಿ, ಮಲ್ಲತ್ತಹಳ್ಳಿ, ಉಲ್ಲಾಳ ಮತ್ತು ಕೆಂಗೇರಿ ಕೆರೆಗಳು ನೀರುಹಕ್ಕಿಗಳ ವೀಕ್ಷಣೆಗೆ ಹತ್ತಿರದ ತಾಣಗಳು.

ತುರಹಳ್ಳಿ ಅರಣ್ಯ: ಬನಶಂಕರಿ 6ನೇ ಹಂತದ ಸಮೀಪವಿರುವ ಈ ಅರಣ್ಯದಲ್ಲಿ ಬಂಡೆಗಳು, ಕುರುಚಲು ಮತ್ತು ನೀಲಗಿರಿ ತೋಪುಗಳಿವೆ. ಬಂಡೆ ಹತ್ತುವವರೂ ಸೈಕಲ್ ಸವಾರರೂ ಇಲ್ಲಿಗೆ ಬರುತ್ತಾರೆ.

ಮೈಸೂರು ರಸ್ತೆಯ ದಿಕ್ಕಿನ ತಾಣಗಳು: ಒಂದು ದಿನದ ಪ್ರವಾಸಕ್ಕೆ ರಾಮನಗರದ ರಾಮದೇವರ ಬೆಟ್ಟ ಮತ್ತು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಸೂಕ್ತ. ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿತವಾಯಿತು. ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಚಳಿಗಾಲದಲ್ಲಿ ಬಂದು ಮನೆಗಳ ನಡುವಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಗ್ರಾಮಸ್ಥರು ಅವುಗಳನ್ನು ತಲೆಮಾರುಗಳಿಂದ ರಕ್ಷಿಸುತ್ತಾ ಬಂದಿದ್ದಾರೆ.

ಚಳಿಗಾಲದ ಕಾರ್ಯಕ್ರಮಗಳು

ಬೆಂಗಳೂರಿನಲ್ಲಿ ಸಂಘಟಿತ ಪಕ್ಷಿವೀಕ್ಷಣೆಗೆ ದೀರ್ಘ ಇತಿಹಾಸವಿದೆ. ಜೋಸೆಫ್ ಜಾರ್ಜ್ ಅವರು 1972ರಲ್ಲಿ ಆರಂಭಿಸಿದ ಪಕ್ಷಿವೀಕ್ಷಕರ ಕ್ಷೇತ್ರ ಸಂಘವು ಪ್ರತಿ ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗ್‌ನಲ್ಲಿ ನಡಿಗೆ ನಡೆಸುವ ಪರಿಪಾಠವನ್ನು ಬೆಳೆಸಿತು. ಈ ಸಂಘದ ಸದಸ್ಯರ ಟಿಪ್ಪಣಿಗಳ ನೆರವಿನಿಂದ ಬೆಂಗಳೂರಿನ ಹಕ್ಕಿಗಳ ವಿವರಣಾತ್ಮಕ ಪಟ್ಟಿಯು 1994ರಲ್ಲಿ ಪ್ರಕಟವಾಯಿತು.

ಚಳಿಗಾಲದ ಮುಖ್ಯ ದಿನಗಳು ಮತ್ತು ಗಣತಿಗಳು ಇವು:

ನವೆಂಬರ್ 12: ಪಕ್ಷಿತಜ್ಞ ಸಲೀಂ ಅಲಿಯವರ (ಜನನ 1896) ಜನ್ಮದಿನ. ಇದನ್ನು ರಾಷ್ಟ್ರೀಯ ಪಕ್ಷಿ ದಿನವನ್ನಾಗಿ ಆಚರಿಸಲಾಗುತ್ತದೆ.

ಜನವರಿ: ಏಷ್ಯಾದ ನೀರುಹಕ್ಕಿಗಳ ಗಣತಿ. 1987ರಲ್ಲಿ ಆರಂಭವಾದ ಈ ಗಣತಿಯಲ್ಲಿ ಸ್ವಯಂಸೇವಕರು ಕೆರೆ, ಹಿನ್ನೀರು ಮತ್ತು ಅಳಿವೆಗಳ ಹಕ್ಕಿಗಳನ್ನು ಎಣಿಸುತ್ತಾರೆ.

ಫೆಬ್ರವರಿ 2: ವಿಶ್ವ ಜೌಗುಪ್ರದೇಶ ದಿನ. 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ಆದ ಒಪ್ಪಂದದ ನೆನಪಿಗೆ ಈ ದಿನವನ್ನು ಆಚರಿಸಲಾಗುತ್ತದೆ.

ಫೆಬ್ರವರಿಯ ನಾಲ್ಕು ದಿನ: ಹಿತ್ತಲ ಹಕ್ಕಿಗಳ ಮಹಾ ಎಣಿಕೆ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಇದರಲ್ಲಿ ಭಾರತವು 2013ರಿಂದ ಭಾಗವಹಿಸುತ್ತಿದೆ. ಕನಿಷ್ಠ 15 ನಿಮಿಷ ಒಂದು ಸ್ಥಳದಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್ ಜಾಲತಾಣಕ್ಕೆ ಕಳುಹಿಸಬೇಕು. ಶಾಲಾ ಕಾಲೇಜುಗಳಿಗಾಗಿ ಇದೇ ದಿನಗಳಲ್ಲಿ ಆವರಣ ಪಕ್ಷಿಗಣತಿಯೂ ನಡೆಯುತ್ತದೆ.

ಕರ್ನಾಟಕ ಅರಣ್ಯ ಇಲಾಖೆಯು ಶಾಲಾ ಮಕ್ಕಳಿಗಾಗಿ ರೂಪಿಸಿರುವ ಚಿಣ್ಣರ ವನದರ್ಶನ ಯೋಜನೆಯಲ್ಲಿ ವಿದ್ಯಾರ್ಥಿಗಳನ್ನು ಅರಣ್ಯಗಳಿಗೆ ಕರೆದೊಯ್ಯಲಾಗುತ್ತದೆ. ಇಲಾಖೆಯ ಹಕ್ಕಿ ಹಬ್ಬವು ರಂಗನತಿಟ್ಟು, ದಾಂಡೇಲಿ ಮೊದಲಾದ ಕಡೆಗಳಲ್ಲಿ ನಡೆದಿದೆ.

ವಿದ್ಯಾರ್ಥಿಗಳ ವೀಕ್ಷಣಾ ಕ್ರಮ

ದುರ್ಬೀನು ಇಲ್ಲದೆಯೂ ವೀಕ್ಷಣೆಯನ್ನು ಆರಂಭಿಸಬಹುದು. ಒಂದು ನೋಟ್ ಪುಸ್ತಕ, ಪೆನ್ಸಿಲ್ ಮತ್ತು ಗಡಿಯಾರ ಸಾಕು. ಗುಂಪಿನಲ್ಲಿ ಹತ್ತರಿಂದ ಹದಿನೈದು ಮಕ್ಕಳಿದ್ದರೆ ಎಲ್ಲರಿಗೂ ನೋಡಲು ಅವಕಾಶ ದೊರೆಯುತ್ತದೆ. ಕಡುಬಣ್ಣದ ಉಡುಪು, ಗಟ್ಟಿಯಾದ ಮಾತು ಮತ್ತು ಮೊಬೈಲ್‌ನಲ್ಲಿ ಹಕ್ಕಿಯ ಕೂಗನ್ನು ಕೇಳಿಸಿ ಅದನ್ನು ಹತ್ತಿರಕ್ಕೆ ಕರೆಯುವುದು ಸಲ್ಲದು.

ಟಿಪ್ಪಣಿಯಲ್ಲಿ ದಿನಾಂಕ, ಸ್ಥಳ, ಆರಂಭದ ಮತ್ತು ಮುಕ್ತಾಯದ ಸಮಯ, ಹಕ್ಕಿಯ ಹೆಸರು, ಸಂಖ್ಯೆ ಹಾಗೂ ಅದು ಮಾಡುತ್ತಿದ್ದ ಕೆಲಸ ಇರಬೇಕು. ಹೆಸರು ತಿಳಿಯದಿದ್ದರೆ ಗಾತ್ರ, ಕೊಕ್ಕಿನ ಆಕಾರ, ಬಣ್ಣ ಮತ್ತು ನಡಿಗೆಯನ್ನು ಬರೆದುಕೊಂಡು ಅನಂತರ ಪುಸ್ತಕದೊಂದಿಗೆ ಹೋಲಿಸಬಹುದು. ಕನ್ನಡದಲ್ಲಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದಕ್ಕೆ ನೆರವಾಗುವ ಕೃತಿ.

ಬೇರೆ ಬೇರೆ ಸ್ಥಳಗಳಿಗೆ ಒಮ್ಮೊಮ್ಮೆ ಹೋಗುವುದಕ್ಕಿಂತ ಒಂದೇ ಕೆರೆಗೆ ಪ್ರತಿ ವಾರ ಒಂದೇ ಸಮಯಕ್ಕೆ ಹೋಗುವುದು ಹೆಚ್ಚು ಪ್ರಯೋಜನಕಾರಿ. ಹಾಗೆ ಮಾಡಿದಾಗ ಮೊದಲ ಕವಲುತೋಕೆ ಬಂದ ವಾರವೂ ಕೊನೆಯದು ಹೋದ ವಾರವೂ ತಿಳಿಯುತ್ತದೆ. ನಿರೀಕ್ಷಿಸಿದ ಹಕ್ಕಿ ಕಾಣದಿದ್ದರೆ ಅದನ್ನೂ ದಾಖಲಿಸಬೇಕು. ಒಂದು ಹಕ್ಕಿ ಒಂದು ಕೆರೆಯನ್ನು ಬಿಟ್ಟುಹೋದ ಸಂಗತಿ ಇಂತಹ ಟಿಪ್ಪಣಿಗಳಿಂದ ಮಾತ್ರ ಗೊತ್ತಾಗುತ್ತದೆ.

ಸಮಸ್ಯೆಗಳು ಮತ್ತು ಸಂರಕ್ಷಣೆ

ಹಕ್ಕಿಗಳಿರುವುದರಿಂದ ನೀರು ಶುದ್ಧವೆಂದು ತೀರ್ಮಾನಿಸಲಾಗದು. ಕೊಳಚೆ ಸೇರಿದ ನೀರಿನಲ್ಲಿ ಕೀಟಗಳ ಮರಿಹುಳುಗಳು ಹೇರಳವಾಗಿರುವುದರಿಂದ ಕುಂಡೆಕುಸ್ಕ, ಗದ್ದೆಗೊರವ ಮತ್ತು ಮೆಟ್ಟುಗಾಲು ಹಕ್ಕಿಗಳು ವೃಷಭಾವತಿಯಂತಹ ಮಲಿನ ಹರಿವುಗಳಲ್ಲಿಯೂ ಮೇಯುತ್ತವೆ. ಇಂತಹ ಸ್ಥಳಗಳಲ್ಲಿ ಮಕ್ಕಳನ್ನು ನೀರಿಗೆ ಇಳಿಯಲು ಬಿಡಬಾರದು.

ಕೆರೆ ಅಭಿವೃದ್ಧಿಯ ವಿಧಾನವೂ ಹಕ್ಕಿಗಳ ಮೇಲೆ ನೇರ ಪರಿಣಾಮ ಬೀರುತ್ತದೆ. ಹೂಳು ತೆಗೆಯುವಾಗ ಕೆರೆಯನ್ನು ಬಟ್ಟಲಿನಂತೆ ಒಂದೇ ಸಮನಾಗಿ ಆಳಗೊಳಿಸಿ, ಸುತ್ತಲೂ ಕಡಿದಾದ ಏರಿ ಕಟ್ಟಿ, ನಡಿಗೆಯ ದಾರಿ ನಿರ್ಮಿಸಿದರೆ ನೀರಿನ ಸಂಗ್ರಹ ಹೆಚ್ಚುತ್ತದೆ. ಆದರೆ ಕೆಸರಿನ ಅಂಚು ಮತ್ತು ಜೊಂಡು ಇಲ್ಲವಾಗುತ್ತವೆ. ಆಗ ಮುಳುಗಿ ಮೀನು ಹಿಡಿಯುವ ನೀರುಕಾಗೆಗಳು ಉಳಿದರೂ ಗದ್ದೆಗೊರವಗಳಿಗೆ ಕಾಲೂರಲು ಸ್ಥಳವಿರುವುದಿಲ್ಲ. ನೀರು ಬರುವ ಕಡೆಯ ಭಾಗವನ್ನು ಆಳವಿಲ್ಲದಂತೆ ಉಳಿಸಿ, ಅಲ್ಲಿಗೆ ದಾರಿ ಒಯ್ಯದೆ, ಜೊಂಡನ್ನು ಪೂರ್ತಿ ಕೀಳದಿದ್ದರೆ ಎರಡೂ ಬಗೆಯ ಹಕ್ಕಿಗಳಿಗೆ ನೆಲೆ ದೊರೆಯುತ್ತದೆ.

ಕುರುಚಲು ಕಾಡನ್ನು ಪಾಳುಭೂಮಿ ಎಂದು ಭಾವಿಸುವುದು ಮತ್ತೊಂದು ಸಮಸ್ಯೆ. 2021ರ ಆರಂಭದಲ್ಲಿ ತುರಹಳ್ಳಿ ಅರಣ್ಯದಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಪ್ರಸ್ತಾವಕ್ಕೆ ಸುತ್ತಲಿನ ನಿವಾಸಿಗಳೂ ಪರಿಸರಾಸಕ್ತರೂ ವಿರೋಧ ವ್ಯಕ್ತಪಡಿಸಿದರು. ಕಾಡನ್ನು ಕಾಡಾಗಿಯೇ ಉಳಿಸಬೇಕೆಂಬುದು ಅವರ ವಾದವಾಗಿತ್ತು. ಚಳಿಗಾಲದ ಕೊನೆಗೆ ಒಣಹುಲ್ಲಿಗೆ ಬೀಳುವ ಬೆಂಕಿ, ಕಟ್ಟಡದ ಅವಶೇಷಗಳ ರಾಶಿ ಮತ್ತು ಬೀದಿನಾಯಿಗಳು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಅಪಾಯ ಒಡ್ಡುತ್ತವೆ.

ವೀಕ್ಷಕರ ಟಿಪ್ಪಣಿಗಳು ಇಂತಹ ಸಂದರ್ಭಗಳಲ್ಲಿ ಆಧಾರವಾಗುತ್ತವೆ. ಒಂದು ಕೆರೆಯಲ್ಲಿ ಕಾಮಗಾರಿಗೆ ಮುಂಚೆ ಯಾವ ಹಕ್ಕಿಗಳಿದ್ದವು, ಅನಂತರ ಯಾವುವು ಉಳಿದವು ಎಂಬ ಪ್ರಶ್ನೆಗೆ ಪ್ರತಿ ಚಳಿಗಾಲದಲ್ಲಿಯೂ ತಪ್ಪದೆ ಎಣಿಸಿ ಬರೆದಿಟ್ಟ ಪಟ್ಟಿಗಳಿಂದ ಉತ್ತರ ದೊರೆಯುತ್ತದೆ.