ಹೊಗಳಿದರೆ ಆಟ ಕೆಡುತ್ತದೆಯೇ, ಬೈದರೆ ಸುಧಾರಿಸುತ್ತದೆಯೇ? ಡಾರ್ಟ್ಸ್ ಬೋರ್ಡ್ ಮುಂದೆ ನಿಂತು ನೋಡೋಣ

"ಮೊನ್ನೆ ಅಷ್ಟು ಚೆನ್ನಾಗಿ ಆಡಿದ, ಎಲ್ಲರೂ ಹೊಗಳಿದ್ರು, ದೃಷ್ಟಿ ತಾಗ್ತು." "ಸರಿಯಾಗಿ ಬೈದಿದ್ದಕ್ಕೇ ಈ ಸಲ ಗೆದ್ದ." ಇಂಥ ಮಾತುಗಳನ್ನು ನೀವೂ ಕೇಳಿರುತ್ತೀರಿ. ಹೊಗಳಿಕೆ ಮಕ್ಕಳನ್ನು ಕೆಡಿಸುತ್ತದೆ, ಬೈಗುಳ ತಿದ್ದುತ್ತದೆ ಎಂಬ ಸಂದೇಶಗಳೂ ಮೊಬೈಲ್‌ಗೆ ಬರುತ್ತಿರುತ್ತವೆ. ಇದು ನಿಜವೇ?

ಒಂದು ಬಾಣದಲ್ಲಿ ಅದೃಷ್ಟದ ಪಾಲು

ಡಾರ್ಟ್ಸ್ ಆಟದಲ್ಲಿ 2.37 ಮೀಟರ್ ದೂರದಿಂದ ಬೋರ್ಡಿಗೆ ಸಣ್ಣ ಬಾಣ ಎಸೆಯಬೇಕು. ಒಂದೇ ಬಾಣಕ್ಕೆ 60 ಅಂಕ ಕೊಡುವ 'ಟ್ರಿಪಲ್ 20' ಪಟ್ಟಿಯ ಎತ್ತರ ಸುಮಾರು 8 ಮಿಲಿಮೀಟರ್ ಮಾತ್ರ. ಬಾಣ ಸ್ವಲ್ಪ ಮೇಲೆ ಅಥವಾ ಕೆಳಗೆ ಬಿದ್ದರೆ 20 ಅಂಕ. ಪಕ್ಕಕ್ಕೆ ಸರಿದರೆ ಎಡಕ್ಕೆ 5, ಬಲಕ್ಕೆ 1.

ಎಷ್ಟೇ ಪಳಗಿದ ಕೈಯಾದರೂ ಪ್ರತಿ ಎಸೆತ ಒಂದೇ ಜಾಗಕ್ಕೆ ಬೀಳುವುದಿಲ್ಲ. ಹಾಗಾಗಿ ಒಂದು ದಿನದ ಫಲಿತಾಂಶದಲ್ಲಿ ಸಾಮರ್ಥ್ಯದ ಜೊತೆ ಅದೃಷ್ಟವೂ ಸೇರಿರುತ್ತದೆ. ಸಾಮಾನ್ಯವಾಗಿ ಸರಾಸರಿ 60 ಅಂಕ ಗಳಿಸುವವರು ಒಂದು ದಿನ 80 ಗಳಿಸಿದರು ಎನ್ನಿ. ಮರುದಿನ ಅವರು 80ಕ್ಕಿಂತ 60ರ ಹತ್ತಿರ ಇರುವ ಸಾಧ್ಯತೆಯೇ ಹೆಚ್ಚು. ಯಾರ ದೃಷ್ಟಿಯೂ ಬೇಕಿಲ್ಲ. 40ಕ್ಕೆ ಕುಸಿದ ದಿನದ ನಂತರವೂ ಹೀಗೆಯೇ, ಯಾರೂ ಬೈಯದಿದ್ದರೂ ಅಂಕ ಮೇಲೇರುತ್ತದೆ. ಇದನ್ನು 'ಸರಾಸರಿಗೆ ಮರಳುವಿಕೆ' ಎನ್ನುತ್ತಾರೆ.

ನಾಣ್ಯ ಎಸೆದ ಅಧಿಕಾರಿಗಳು

ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಇಸ್ರೇಲ್ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುವಾಗ ಒಬ್ಬರು ಇದೇ ವಾದ ಮಂಡಿಸಿದರು: ಹೊಗಳಿದ ಮೇಲೆ ಪೈಲಟ್‌ಗಳು ಕೆಟ್ಟದಾಗಿ ಹಾರಿಸುತ್ತಾರೆ, ಬೈದ ಮೇಲೆ ಸುಧಾರಿಸುತ್ತಾರೆ. ಕಾನೆಮನ್ ನೆಲದ ಮೇಲೆ ಒಂದು ಗುರಿ ಬರೆದು, ಅದಕ್ಕೆ ಬೆನ್ನು ಹಾಕಿ ಎರಡು ಸಲ ನಾಣ್ಯ ಎಸೆಯಿರಿ ಎಂದರು. ಮೊದಲ ಸಲ ಗುರಿಯ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೇ ಸಲ ಹಿಂದೆ ಬಿದ್ದರು. ದೂರ ಎಸೆದವರಲ್ಲಿ ಹೆಚ್ಚಿನವರು ಸುಧಾರಿಸಿದರು. ಅಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದೂ ಇರಲಿಲ್ಲ.

ಒಂದು ಸೋಲು, ಒಂದು ಗೆಲುವು

2024ರ ಜನವರಿ 3ರಂದು ಲಂಡನ್‌ನಲ್ಲಿ ವಿಶ್ವ ಡಾರ್ಟ್ಸ್ ಚಾಂಪಿಯನ್‌ಶಿಪ್ ಫೈನಲ್ ನಡೆಯಿತು. 16 ವರ್ಷದ ಲ್ಯೂಕ್ ಲಿಟ್ಲರ್ 4-2 ಸೆಟ್‌ಗಳಿಂದ ಮುಂದಿದ್ದರು. ಅಂತರ 5-2 ಆಗಲು 'ಡಬಲ್ 2'ಕ್ಕೆ ಒಂದು ಬಾಣ ಬೀಳಬೇಕಿತ್ತು. ಅದು ತಪ್ಪಿತು. ಲ್ಯೂಕ್ ಹಂಫ್ರೀಸ್ ಸತತ 5 ಸೆಟ್ ಗೆದ್ದು 7-4ರಿಂದ ಚಾಂಪಿಯನ್ ಆದರು. ಸರಿಯಾಗಿ ಒಂದು ವರ್ಷದ ನಂತರ ಲಿಟ್ಲರ್ ಮೈಕೆಲ್ ವ್ಯಾನ್ ಗರ್ವೆನ್ ಅವರನ್ನು 7-3ರಿಂದ ಸೋಲಿಸಿ, 17ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ತಪ್ಪಿದ ಆ ಒಂದು ಬಾಣ ನೋಡಿ "ಇವನಿಂದಾಗದು" ಎಂದವರಿದ್ದರೆ ಅವರ ಲೆಕ್ಕ ತಪ್ಪುತ್ತಿತ್ತು.

ಹಾಗಾದರೆ ಎಲ್ಲವೂ ಅದೃಷ್ಟವೇ?

ಅಲ್ಲ. ಅಭ್ಯಾಸ ಸರಾಸರಿಯನ್ನೇ ಮೇಲೆತ್ತುತ್ತದೆ. ಒತ್ತಡ ನಿಜವಾಗಿಯೂ ಕೈ ಕಟ್ಟಿಹಾಕಬಲ್ಲದು. 5 ಬಾರಿ ವಿಶ್ವ ಚಾಂಪಿಯನ್ ಆದ ಎರಿಕ್ ಬ್ರಿಸ್ಟೋ ಅವರಿಗೇ 1980ರ ದಶಕದಲ್ಲಿ ಕೈಯಿಂದ ಬಾಣ ಬಿಡಲಾಗದ 'ಡಾರ್ಟೈಟಿಸ್' ಕಾಡಿತ್ತು. ಹಂಫ್ರೀಸ್ ತಮ್ಮ ಆತಂಕದ ಸಮಸ್ಯೆಯ ಬಗ್ಗೆ ಬಹಿರಂಗವಾಗಿಯೇ ಮಾತಾಡಿದ್ದಾರೆ.

ಏನು ಮಾಡಬಹುದು?

• ಒಂದು ಆಟದ ಅಂಕ ಬಿಡಿ, ಹತ್ತಿಪ್ಪತ್ತು ಆಟಗಳ ಸರಾಸರಿ ನೋಡಿ.
• ಗೆದ್ದಾಗಲೂ ಸೋತಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಿಂತ ರೀತಿ, ಎಸೆದ ರೀತಿ ಸರಿಯಿತ್ತೇ?
• ಹೋದ ಬಾಣ ಹೋಯಿತು. ಮುಂದಿನ ಎಸೆತಕ್ಕೆ ಮುನ್ನ ಒಮ್ಮೆ ನಿಧಾನ ಉಸಿರು ಬಿಡಿ.
• ಆತಂಕದಿಂದ ನಿದ್ದೆ, ಓದು, ಕೆಲಸ ಕೆಡುತ್ತಿದ್ದರೆ ವೈದ್ಯರನ್ನು ಕಾಣಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ: 14416.

ಕೊನೆಯ ಮಾತು: ಒಳ್ಳೆಯ ದಿನದ ಮರುದಿನ ಅಂಕ ಇಳಿಯುವುದು ಸಹಜ, ಅದು ಹೊಗಳಿಕೆಯ ತಪ್ಪಲ್ಲ. ಮಕ್ಕಳು ಕಡಿಮೆ ಅಂಕ ತಂದ ದಿನ ಬೈಯುವ ಮುನ್ನ ಇದನ್ನು ನೆನಪಿಸಿಕೊಳ್ಳಿ. "ಬೈದರೇ ಬುದ್ಧಿ" ಎಂಬ ಸಂದೇಶ ಬಂದರೆ, ಮುಂದೆ ಕಳಿಸುವ ಮುನ್ನವೂ.