ಸೇಬು, ಕಾಕಂಬಿ ಮತ್ತು ಶುಕ್ರವಾರದ ಒಂದು ಲೋಟ

ಮೊದಲೇ ಹೇಳಿಬಿಡ್ತೀನಿ, ನಾನು ದೊಡ್ಡ ಕುಡುಕನೇನಲ್ಲ. ವಾರಕ್ಕೆ ಒಂದು ಸಲ, ಶುಕ್ರವಾರ ರಾತ್ರಿ, ಒಂದೇ ಲೋಟ. ಅದೂ ನಾನೇ ಅಳೆದು, ಐಸ್ ಹಾಕಿ, ಕುಲುಕಿ ಮಾಡಿದ್ದು. ಕುಡಿಯೋದಕ್ಕಿಂತ ಅಳೆಯೋದರಲ್ಲೇ ನನಗೆ ಮಜಾ ಜಾಸ್ತಿ, ಇಂಜಿನಿಯರಿಂಗ್ ಓದಿದ್ದರ ಪರಿಣಾಮ ಇರಬೇಕು.

ಪ್ರಾಜೆಕ್ಟ್ ಮೇಲೆ ನ್ಯೂಜೆರ್ಸಿಗೆ ಬಂದು ಇದು ಎರಡನೇ ಚಳಿಗಾಲ. ರೂಮ್‌ಮೇಟ್ ಮದುವೆಗೆ ಅಂತ ಊರಿಗೆ ಹೋಗಿದ್ದ. ಹೊರಗೆ ಮೊಣಕಾಲುದ್ದ ಹಿಮ. ಮನೆ ಹತ್ತಿರದ ಅಂಗಡಿಯಲ್ಲಿ ಕೆಳಗಿನ ಸಾಲಿನಲ್ಲಿ ಧೂಳು ಹಿಡಿದ ಒಂದು ಬಾಟಲಿ ಕಣ್ಣಿಗೆ ಬಿತ್ತು. ಅದರ ಮೇಲೆ ಆಪಲ್‌ಜಾಕ್ ಅಂತ ಬರೆದಿತ್ತು. ಸೇಬಿನ ಬ್ರಾಂದಿ! ವಿಸ್ಕಿ ಗೊತ್ತು, ರಮ್ ಗೊತ್ತು, ಇದ್ಯಾವುದಪ್ಪಾ ಅಂತ ತಿರುಗಿಸಿ ನೋಡಿದರೆ ಊರಿನ ಹೆಸರು ಸ್ಕೋಬಿವಿಲ್, ನ್ಯೂಜೆರ್ಸಿ. ಅಂದ್ರೆ ಇಲ್ಲೇ, ಮನ್ಮತ್ ಕೌಂಟಿಯಲ್ಲಿ. ಎರಡು ವರ್ಷದಿಂದ ಇದೇ ರಾಜ್ಯದಲ್ಲಿದ್ದೀನಿ, ಇಲ್ಲಿ ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ತಂದೆ. ಆಮೇಲೆ ಮೂರು ವಾರ ಓದಿದ್ದೇ ಓದಿದ್ದು.

ವಿಲಿಯಂ ಲೇರ್ಡ್ ಅನ್ನೋನು ಸ್ಕಾಟ್ಲೆಂಡಿನಿಂದ ಮನ್ಮತ್ ಕೌಂಟಿಗೆ ಬಂದದ್ದು 1698ರಲ್ಲಿ. ಸ್ಕಾಟ್ಲೆಂಡಿನಲ್ಲಿ ಬಾರ್ಲಿ ಇತ್ತು, ಇಲ್ಲಿ ಸುತ್ತಲೂ ಸೇಬಿನ ತೋಟ. ಆಗಿನ ವಲಸೆಗಾರರಿಗೆ ಸೇಬು ತಿನ್ನುವ ಹಣ್ಣಿಗಿಂತ ಹೆಚ್ಚಾಗಿ ಕುಡಿಯುವ ಹಣ್ಣು. ಹಿಂಡಿ, ಹುಳಿ ಬರಿಸಿ ಸೈಡರ್ ಮಾಡಿ ದೊಡ್ಡವರು ಚಿಕ್ಕವರು ಎಲ್ಲಾ ಕುಡೀತಿದ್ರು. ಆ ಸೈಡರನ್ನು ಇನ್ನೂ ಗಟ್ಟಿ ಮಾಡಿದ್ರೆ ಆಪಲ್‌ಜಾಕ್. ವಿಲಿಯಂ ವಂಶದ ರಾಬರ್ಟ್ ಲೇರ್ಡ್ ಸ್ವಾತಂತ್ರ್ಯ ಯುದ್ಧದಲ್ಲಿ ವಾಷಿಂಗ್ಟನ್ನನ ಸೈನ್ಯದಲ್ಲಿದ್ದವನು. 1780ರಿಂದ ಆ ಕುಟುಂಬದ ವ್ಯಾಪಾರದ ದಾಖಲೆ ಇದೆ. ವಾಷಿಂಗ್ಟನ್ನೇ ಅವರ ಹತ್ತಿರ ಮಾಡುವ ವಿಧಾನ ಕೇಳಿ ಬರೆಸಿಕೊಂಡಿದ್ದ ಅಂತ ಮನೆತನದವರು ಹೇಳ್ತಾರೆ. ಮನೆತನದವರು ಹೇಳೋದು ಹಾಗೇ ಇರುತ್ತೆ ಬಿಡಿ, ನಮ್ಮ ಕಡೆ ಪ್ರತಿ ಹಳೇ ಮನೆಗೂ ಒಮ್ಮೆಯಾದರೂ ಮಹಾರಾಜರು ಬಂದು ಊಟ ಮಾಡಿರ್ತಾರಲ್ಲ :-)

ಗಟ್ಟಿ ಮಾಡೋ ಹಳೇ ವಿಧಾನ ಕೇಳಿ, ಬಹಳ ಚೆನ್ನಾಗಿದೆ. ಚಳಿಗಾಲದ ರಾತ್ರಿ ಸೈಡರ್ ಪೀಪಾಯಿಯನ್ನು ಹೊರಗೆ ಇಡೋದು. ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತೆ, ಆಲ್ಕೋಹಾಲ್ ಗಟ್ಟಿಯಾಗಬೇಕಾದರೆ ಮೈನಸ್ 114 ಬೇಕು. ಬೆಳಿಗ್ಗೆ ಎದ್ದು ಐಸ್ ತೆಗೆದು ಬಿಸಾಕಿದ್ರೆ ಉಳಿದದ್ದು ಮೊದಲಿಗಿಂತ ಗಟ್ಟಿ. ಇದಕ್ಕೆ 'ಜಾಕಿಂಗ್' ಅಂತಾರೆ. ಬೆಂಕಿ ಬೇಡ, ಭಟ್ಟಿ ಬೇಡ. ಆದರೆ ಇದರಲ್ಲೊಂದು ಬಗ್ ಇದೆ. ಭಟ್ಟಿಯಲ್ಲಿ ಕಾಯಿಸುವಾಗ ಮೊದಲು ಬರುವ ಕೆಟ್ಟ ಭಾಗವನ್ನು ಬೇರೆ ತೆಗೆದು ಚೆಲ್ಲಬಹುದು. ಇಲ್ಲಿ ಹೋಗೋದು ನೀರು ಮಾತ್ರ, ಮಿಕ್ಕ ವಿಷವೆಲ್ಲಾ ಒಳಗೇ ಉಳಿದು ಇನ್ನಷ್ಟು ಸಾಂದ್ರವಾಗುತ್ತೆ. ಅದನ್ನು ಕುಡಿದು ಕೈಕಾಲು ನಡುಗೋದಕ್ಕೆ 'ಸೇಬಿನ ಪಾರ್ಶ್ವವಾಯು' ಅಂತಲೇ ಹೆಸರಿತ್ತಂತೆ. ಅಂಗಡಿಯಲ್ಲಿ ಸಿಗೋದು ಭಟ್ಟಿ ಇಳಿಸಿ ಮರದ ಪೀಪಾಯಿಯಲ್ಲಿ ಇಟ್ಟದ್ದು, ಹೆದರಬೇಡಿ.

ನಾನು ತಂದದ್ದು 'ಬ್ಲೆಂಡೆಡ್'. ತಪ್ಪು ನಂದೇ, ಲೇಬಲ್ ಪೂರ್ತಿ ಓದಲಿಲ್ಲ. 1960ರ ದಶಕದ ಕೊನೆಗೆ ಅಮೆರಿಕದ ಜನ ವೋಡ್ಕಾದಂತಹ ಹಗುರವಾದದ್ದರ ಕಡೆ ತಿರುಗಿದರು. 1970ರ ದಶಕದಲ್ಲಿ ಸೇಬಿನ ಬ್ರಾಂದಿಗೆ ಧಾನ್ಯದ ಸಪ್ಪೆ ಸ್ಪಿರಿಟ್ ಬೆರೆಸಿ ಮಾರೋದು ಶುರುವಾಯ್ತು. ಕಾಕ್‌ಟೇಲಿಗೆ ಅದು ಸಾಲೋದಿಲ್ಲ, ನಿಂಬೆರಸ ಬಿದ್ದ ತಕ್ಷಣ ಸೇಬು ಮಾಯ. ಬೇಕಾದದ್ದು 'ಸ್ಟ್ರೈಟ್', ನೂರು ಪ್ರೂಫಿನದ್ದು, ಅಂದ್ರೆ ಶೇಕಡಾ 50. ಮುಂದಿನ ವಾರ ಅದನ್ನೇ ತಂದೆ.

ಇದರಲ್ಲಿ ಮಾಡೋ ಅತಿ ಹೆಸರುವಾಸಿ ಕಾಕ್‌ಟೇಲು ಜಾಕ್ ರೋಸ್. ಸೇಬಿನ ಬ್ರಾಂದಿ, ನಿಂಬೆರಸ, ಗ್ರೆನಡೀನ್, ಅಷ್ಟೇ. ಹೆಸರು ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ರೋಚಕ ಕಥೆ ಇದೆ. ನ್ಯೂಯಾರ್ಕಿನಲ್ಲಿ 'ಬೋಳ ಜಾಕ್ ರೋಸ್' ಅಂತ ಒಬ್ಬ ಜೂಜುಕೋರ ಇದ್ದ. 1912ರಲ್ಲಿ ಹರ್ಮನ್ ರೋಸೆಂಥಾಲ್ ಅನ್ನೋ ಇನ್ನೊಬ್ಬ ಜೂಜಿನವನ ಕೊಲೆಯಾಯ್ತು. ಈ ಜಾಕ್ ಸರ್ಕಾರಿ ಸಾಕ್ಷಿಯಾಗಿ, ಚಾರ್ಲ್ಸ್ ಬೆಕರ್ ಅನ್ನೋ ಪೊಲೀಸ್ ಲೆಫ್ಟಿನೆಂಟ್ 1915ರಲ್ಲಿ ವಿದ್ಯುತ್ ಕುರ್ಚಿ ಹತ್ತಿದ. ಕಾಕ್‌ಟೇಲಿಗೆ ಈ ಜಾಕನದ್ದೇ ಹೆಸರು ಅಂತಾರೆ. ಕೇಳೋಕೆ ಚೆನ್ನಾಗಿದೆ, ಆದ್ರೆ ದಿನಾಂಕ ನೋಡಿ. 1908ರ ಪಾಕಪುಸ್ತಕದಲ್ಲೇ ಜಾಕ್ ರೋಸ್ ಇದೆ. 1905ರ ಒಂದು ಪತ್ರಿಕೆಯಲ್ಲಿ, ಫ್ರಾಂಕ್ ಮೇ ಅನ್ನೋ ಜೆರ್ಸಿ ಸಿಟಿಯ ಬಾರಿನವನಿಗೆ ಜಾಕ್ ರೋಸ್ ಅಂತ ಅಡ್ಡಹೆಸರು, ಅವನೇ ಇದನ್ನು ಕಂಡುಹಿಡಿದವನು ಅಂತ ಬಂದಿದೆ. ಕೊಲೆಗೂ ಇದಕ್ಕೂ ಸಂಬಂಧವಿಲ್ಲ. ಆಪಲ್‌ಜಾಕಿನ ಜಾಕ್, ಬಣ್ಣದ ರೋಸ್, ಇಷ್ಟೇ ಇರಬಹುದು ಅಂತ ನನಗನ್ನಿಸುತ್ತೆ. ಹೆಮಿಂಗ್ವೇ 1926ರ 'ದಿ ಸನ್ ಆಲ್ಸೋ ರೈಸಸ್' ಕಾದಂಬರಿಯ ನಾಯಕನಿಗೆ ಪ್ಯಾರಿಸ್ಸಿನ ಕ್ರಿಯೋ ಹೋಟೆಲಿನಲ್ಲಿ ಇದನ್ನೇ ಕುಡಿಸಿದ್ದಾನೆ. 1948ರಲ್ಲಿ ಡೇವಿಡ್ ಎಂಬರಿ ಅನ್ನೋ ವಕೀಲ (ಬಾರಿನವನಲ್ಲ, ನಮ್ಮ ಹಾಗೆ ಮನೆಯಲ್ಲಿ ಬೆರೆಸುವವನು!) ಬರೆದ ಪುಸ್ತಕದಲ್ಲಿ ಆರು ಮೂಲ ಕಾಕ್‌ಟೇಲುಗಳ ಪಟ್ಟಿ ಇದೆ. ಆರರಲ್ಲಿ ಜಾಕ್ ರೋಸ್ ಒಂದು, ಡೈಕಿರಿ ಇನ್ನೊಂದು. ಐದನ್ನು ಜಗತ್ತು ನೆನಪಿಟ್ಟುಕೊಂಡಿದೆ, ಜಾಕ್ ರೋಸನ್ನು ಮಾತ್ರ ಮರೆತುಬಿಟ್ಟಿತು.

ಗ್ರೆನಡೀನ್ ಅಂದ್ರೆ ಅಂಗಡಿಯ ಕೆಂಪು ಬಣ್ಣದ ಸಕ್ಕರೆ ನೀರಲ್ಲ. ಫ್ರೆಂಚಿನಲ್ಲಿ ಗ್ರೆನಾದ್ ಅಂದ್ರೆ ದಾಳಿಂಬೆ. ಒಂದು ಲೋಟ ದಾಳಿಂಬೆ ರಸಕ್ಕೆ ಒಂದು ಲೋಟ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಆರಿಸಿದ್ರೆ ಮುಗೀತು. ನನ್ನ ಲೆಕ್ಕ: ಬ್ರಾಂದಿ 60 ಮಿಲಿ, ನಿಂಬೆರಸ 22, ಗ್ರೆನಡೀನ್ 15. ಐಸ್ ಹಾಕಿ ಹದಿನೈದು ಸೆಕೆಂಡು ಕುಲುಕಿ ಸೋಸಿ. ಎಂಬರಿಯ ಲೆಕ್ಕ 8:2:1, ಅದನ್ನು ಕುಡಿದವರು ಮಾರನೇ ದಿನದ ಕೆಲಸ ಮರೆಯೋದು ಒಳ್ಳೇದು.

ಇದೇ ಕೋಷ್ಟಕದಲ್ಲಿ ಬ್ರಾಂದಿ ತೆಗೆದು ಬಿಳಿ ರಮ್, ಗ್ರೆನಡೀನ್ ತೆಗೆದು ಸಕ್ಕರೆ ಪಾಕ ಹಾಕಿದ್ರೆ ಡೈಕಿರಿ. ಕ್ಯೂಬಾದ ಸ್ಯಾಂಟಿಯಾಗೋ ಹತ್ತಿರ ಡೈಕಿರಿ ಅಂತ ಊರಿದೆ, ಕಬ್ಬಿಣದ ಗಣಿ ಇತ್ತು. ಅಲ್ಲಿನ ಅಮೆರಿಕನ್ ಇಂಜಿನಿಯರ್ ಜೆನಿಂಗ್ಸ್ ಕಾಕ್ಸ್, 19ನೇ ಶತಮಾನದ ಕೊನೆಯಲ್ಲಿ, ನೆಂಟರು ಬಂದಾಗ ಜಿನ್ ಮುಗಿದು ಇದನ್ನು ಕಂಡುಹಿಡಿದ ಅಂತ ಕಥೆ. ಇಂಜಿನಿಯರ್ ಅಂದ ತಕ್ಷಣ ನನಗೂ ಖುಷಿಯೇ. ಆದ್ರೆ ಅದಕ್ಕೂ ಒಂದೂವರೆ ಶತಮಾನ ಮೊದಲು, 1740ರಲ್ಲಿ, ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ವೆರ್ನನ್ ನಾವಿಕರ ರಮ್ಮಿಗೆ ನಾಲ್ಕು ಪಾಲು ನೀರು ಬೆರೆಸಿ ಕೊಡಿ ಅಂತ ಆದೇಶ ಹೊರಡಿಸಿದ್ದ. ಅದರಲ್ಲೇ, ದುಡ್ಡು ಉಳಿಸಿದವರು ನಿಂಬೆ, ಸಕ್ಕರೆ ಕೊಂಡು ಹಾಕಿಕೊಳ್ಳಬಹುದು ಅಂತಲೂ ಇದೆ. ರಮ್, ನಿಂಬೆ, ಸಕ್ಕರೆ! ಕಾಕ್ಸ್ ಕೊಟ್ಟದ್ದು ಹೆಸರು, ಐಸು. ಅದಕ್ಕೂ ಹಿಂದೆ ಹೋದರೆ ನಮ್ಮ ದೇಶಕ್ಕೇ ಬರ್ತೀವಿ. ಪಂಚ್ ಅನ್ನೋ ಪದ ಇಂಗ್ಲಿಷಿನಲ್ಲಿ ಮೊದಲು ಸಿಗೋದು 1632ರ ಈಸ್ಟ್ ಇಂಡಿಯಾ ಕಂಪನಿಯ ಒಬ್ಬನ ಪತ್ರದಲ್ಲಿ. ಅದು ನಮ್ಮ 'ಪಂಚ'ದಿಂದಲೇ, ಐದು ಪದಾರ್ಥಗಳಿಂದ ಬಂತು ಅನ್ನೋದು ಹೆಚ್ಚು ಜನ ಒಪ್ಪುವ ವಾದ.

ಇಲ್ಲಿಯವರೆಗೆ ಬರೆದು ನಿಲ್ಲಿಸಬಹುದಿತ್ತು. ಆದ್ರೆ ರಮ್ಮಿನ ಬಗ್ಗೆ ಓದ್ತಾ ಓದ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡೆ.

ನಮ್ಮೂರು ಮಂಡ್ಯದ ಕಡೆ. ಸುತ್ತ ಕಬ್ಬು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ತಾತನ ಕಾಲದಿಂದಲೂ ಕಬ್ಬೇ. ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಮಂದ ದ್ರವಕ್ಕೆ ಕಾಕಂಬಿ ಅಂತೀವಿ. ರಮ್ ಅಂದ್ರೆ ಬೇರೇನಲ್ಲ, ಹುಳಿ ಬರಿಸಿ ಭಟ್ಟಿ ಇಳಿಸಿದ ಕಾಕಂಬಿ. ನಮ್ಮೂರಲ್ಲಿ ಆಲೆಮನೆಯೂ ಇತ್ತು. ಕೊಪ್ಪರಿಗೆ ಪಕ್ಕ ಕೂತು ಬಿಸಿ ಬೆಲ್ಲ ತಿಂದ ನೆನಪು ಚೆನ್ನಾಗಿದೆ. ಆದ್ರೆ ಗಾಣದ ಹತ್ತಿರ ಹೋದ್ರೆ ಅಪ್ಪ ಬೆನ್ನಿಗೆ ಗುದ್ದೋರು. ಯಾಕಂದ್ರೆ ಗಾಣಕ್ಕೆ ಕಬ್ಬು ಕೊಡ್ತಿದ್ದ ಅಣ್ಣನೊಬ್ಬನ ಬಲಗೈಯಲ್ಲಿ ಹೆಬ್ಬೆರಳು ಬಿಟ್ರೆ ಬೇರೆ ಬೆರಳಿರಲಿಲ್ಲ. ನಿದ್ದೆಗಣ್ಣಲ್ಲಿ ಕೊಟ್ಟದ್ದು, ಗಾಣ ಎಳಕೊಂಡಿತು.

ಬಾರ್ಬಡೋಸಿಗೆ ಇಂಗ್ಲಿಷರು ಹೋಗಿ ನೆಲೆಸಿದ್ದು 1627ರಲ್ಲಿ. 1640ರ ದಶಕದಲ್ಲಿ ಕಬ್ಬು ಹಾಕಿದರು. ಕೆಲಸಕ್ಕೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ರಿಚರ್ಡ್ ಲಿಗನ್ ಅನ್ನೋನು ಆಗ ಅಲ್ಲಿದ್ದು 1657ರಲ್ಲಿ ಪುಸ್ತಕ ಬರೆದ. ಕಾಕಂಬಿಯ ಸಾರಾಯಿಗೆ ಆಗ 'ದೆವ್ವ ಕೊಲ್ಲುವ ಮದ್ದು' ಅಂತ ಹೆಸರು. ಕೆರಿಬಿಯನ್ ದ್ವೀಪಗಳ ಗಾಣಗಳ ಬಗ್ಗೆ ಓದುವಾಗ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಗಾಣದ ಪಕ್ಕ ಯಾವಾಗಲೂ ಒಂದು ಕೊಡಲಿ ಇರ್ತಿತ್ತು. ಕಬ್ಬು ಕೊಡುವವನ ಬೆರಳು ಸಿಕ್ಕಿದ್ರೆ ಗಾಣ ನಿಲ್ಲಿಸೋಕೆ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಪೂರ್ತಿ ಮೈ ಒಳಗೆ ಹೋಗುತ್ತೆ, ಅದಕ್ಕೆ ತೋಳು ಕಡಿಯೋಕೆ. ವೋಲ್ಟೇರನ 1759ರ 'ಕಾಂದೀದ್'ನಲ್ಲಿ ಸುರಿನಾಮಿನ ಒಬ್ಬ ಗುಲಾಮನ ಕೈ ಹೋಗಿರೋದು ಹೀಗೆಯೇ. ಕಾದಂಬರಿಕಾರ ಕಟ್ಟಿದ್ದಲ್ಲ ಅದು. ಕಟಾವಿನ ಕಾಲದಲ್ಲಿ ರಾತ್ರಿಯೂ ಗಾಣ ತಿರುಗಬೇಕು, ಕಡಿದ ಕಬ್ಬು ಬೇಗ ಹುಳಿಯಾಗುತ್ತೆ. ಇದು ನನಗೆ ಪುಸ್ತಕದಿಂದ ಗೊತ್ತಾಗಬೇಕಿರಲಿಲ್ಲ, ನಮ್ಮ ಅಣ್ಣನೂ ರಾತ್ರಿ ಪಾಳಿಯವನೇ.

ಮುಂದಿನದ್ದು ಲೆಕ್ಕಾಚಾರ. ಕಾಕಂಬಿ ಹಡಗಿನಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡಿಗೆ, ಅಲ್ಲಿ ರಮ್ಮಾಗಿ ಆಫ್ರಿಕಾಕ್ಕೆ, ರಮ್ಮಿಗೆ ಬದಲು ಜನರು. ರೋಡ್ ಐಲೆಂಡ್ ಅನ್ನೋ ಅಂಗೈಯಗಲದ ರಾಜ್ಯದ ಹಡಗುಗಳೇ ಒಂದು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಸಾಗಿಸಿದವು. ಫ್ರೆಂಚ್ ದ್ವೀಪಗಳ ಕಾಕಂಬಿ ಅಗ್ಗ ಅಂತ ವ್ಯಾಪಾರಿಗಳು ಅದನ್ನು ತಂದರೆ, ಬ್ರಿಟಿಷ್ ಸರ್ಕಾರ 1733ರಲ್ಲಿ ಗ್ಯಾಲನ್ನಿಗೆ ಆರು ಪೆನ್ಸ್ ಸುಂಕ ಹಾಕಿತು. ಇವರು ಕಳ್ಳಸಾಗಣೆ ಮಾಡಿದರು. 1764ರಲ್ಲಿ ಸುಂಕ ಮೂರು ಪೆನ್ಸಿಗೆ ಇಳಿಸಿ ವಸೂಲಿ ಬಿಗಿ ಮಾಡಿದಾಗ ಗಲಾಟೆ. ಅಮೆರಿಕದ ಸ್ವಾತಂತ್ರ್ಯದಲ್ಲಿ ಕಾಕಂಬಿಗೂ ಪಾಲಿದೆ ಅಂತ ಜಾನ್ ಆಡಮ್ಸ್ 1818ರ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಯುದ್ಧದಲ್ಲಿ ಕಾಕಂಬಿ ಬರೋದು ಕಷ್ಟವಾದಾಗ ಮನೆ ಹಿತ್ತಲಿನ ಸೇಬಿಗೆ ಬೆಲೆ ಬಂತು. ಅಂದ್ರೆ ನನ್ನ ಕಪಾಟಿನಲ್ಲಿ ಅಕ್ಕಪಕ್ಕ ಇರೋ ಎರಡು ಬಾಟಲಿಗಳು ಹಳೇ ದಾಯಾದಿಗಳು.

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ 1834ರಲ್ಲಿ ಕಾನೂನಿನ ಪ್ರಕಾರ ಹೋಯ್ತು. ಕಬ್ಬು ಹೋಗಲಿಲ್ಲ. 1838ರ ಮೇ 5ರಂದು ವಿಟ್ಬಿ, ಹೆಸ್ಪರಸ್ ಅನ್ನೋ ಎರಡು ಹಡಗು ಕಲ್ಕತ್ತೆಯಿಂದ 396 ಜನರನ್ನು ಕರಾರಿನ ಮೇಲೆ ಬ್ರಿಟಿಷ್ ಗಯಾನಾಕ್ಕೆ ತಂದವು. ಡೆಮೆರಾರಾ ರಮ್ ಬರೋದು ಆ ನಾಡಿನಿಂದ. ನನ್ನ ಕಪಾಟಿನಲ್ಲಿರೋ ರಮ್ಮು ಅದೇ.

ಹೋದ ಶುಕ್ರವಾರ ಜಾಕ್ ರೋಸ್ ಮಾಡಿಕೊಂಡು ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಶನಿವಾರ ಬೆಳಿಗ್ಗೆ. ಗಾಣದ ಅಣ್ಣ ಹೇಗಿದ್ದಾನೆ ಅಂತ ಅಪ್ಪನನ್ನು ಕೇಳಿದೆ. ಬೆರಳು ಹೋದ ಮೇಲೆ ಅವನಿಗೆ ಪ್ಯಾಕೆಟ್ ಸಾರಾಯಿ ಅಭ್ಯಾಸವಾಗಿತ್ತು. ಅದೂ ಕಾಕಂಬಿಯದ್ದೇ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಊರ ಹೆಂಗಸರು ಸಿಹಿ ಹಂಚಿದ್ದು ನೆನಪಿದೆ, ಅಮ್ಮನೂ ಹಂಚಿದ್ದಳು. ಅವನು ಆಮೇಲೆ ಅಗ್ಗದ ವಿಸ್ಕಿಗೆ ಹೋದ.

"ಅವನು ಹೋಗಿ ನಾಲ್ಕು ವರ್ಷ ಆಯ್ತಲ್ಲೋ, ನಿಂಗೆ ಹೇಳಿರ್ಲಿಲ್ವಾ?" ಅಂದರು ಅಪ್ಪ. ಲಿವರ್ ಹೋಗಿತ್ತಂತೆ. ಮಗಳು ಮೈಸೂರಿನಲ್ಲಿ ನರ್ಸಂತೆ.

ಅಷ್ಟರಲ್ಲಿ ಅಮ್ಮ ಫೋನ್ ಕಿತ್ಕೊಂಡಳು. "ಅದೇನೋ ಲೋಟದಲ್ಲಿ ಕೆಂಪಗೆ?"

ದಾಳಿಂಬೆ ರಸ ಅಂದೆ. ಹಿಂದೆ ನಿಂತಿದ್ದ ಅಪ್ಪ ಏನೂ ಹೇಳಲಿಲ್ಲ.